ಜಡೆಯ ತುದಿಯ ವಯಸ್ಸು

ಸೊಂಟ ಮುಟ್ಟುವ ಜಡೆಯ ತುದಿಗೆ ಸುಮಾರು ಐದು ವರ್ಷ ವಯಸ್ಸು. ತಲೆಗೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್. ಆ ಲೆಕ್ಕದಲ್ಲಿ 75 ಸೆಂಟಿಮೀಟರ್ ಉದ್ದದ ಕೂದಲಿನ ಕೊನೆ ನೆತ್ತಿಯಿಂದ ಹೊರಬಂದು ಐದು ವರ್ಷವಾದರೂ ಆಗಿರಬೇಕು. ಅಷ್ಟರಲ್ಲಿ ಅದು ನೂರಾರು ತಲೆಸ್ನಾನ ಕಂಡಿದೆ, ಸಾವಿರಾರು ಸಲ ಹಣಿಗೆಯ ಹಲ್ಲಿಗೆ ಸಿಕ್ಕಿದೆ, ಐದು ಬೇಸಿಗೆಯ ಬಿಸಿಲಿಗೆ ಒಣಗಿದೆ, ದಿಂಬಿಗೆ, ಕುರ್ಚಿಯ ಬೆನ್ನಿಗೆ, ಬ್ಯಾಗಿನ ಪಟ್ಟಿಗೆ ಉಜ್ಜಿಕೊಂಡಿದೆ. ಇಷ್ಟಾಗಿಯೂ ತನ್ನನ್ನು ತಾನು ಸರಿಪಡಿಸಿಕೊಳ್ಳುವ ದಾರಿ ಅದಕ್ಕಿಲ್ಲ. ಚರ್ಮದ ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಚರ್ಮದಾಚೆ ಬಂದ ಕೂದಲಿನಲ್ಲಿ ಜೀವವಿಲ್ಲ. ಅಲ್ಲಿಗೆ ರಕ್ತ ಹರಿಯುವುದಿಲ್ಲ, ನರ ತಲುಪುವುದಿಲ್ಲ. ಸವೆದದ್ದು ಸವೆದಂತೆಯೇ.

ಉದ್ದ ಕೂದಲಿನ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಈ ಸಂಗತಿಯನ್ನು ಬದಿಗಿಟ್ಟೇ ನಡೆಯುತ್ತದೆ. ಮದುವೆಮನೆಯಲ್ಲಿ ಮಂಡಿವರೆಗೆ ಜಡೆ ಇಳಿಬಿಟ್ಟ ಹೆಂಗಸು ಕಂಡರೆ ಸುತ್ತಲಿನವರ ಬಾಯಲ್ಲಿ ಬರುವುದು ಒಂದೇ ಮಾತು: "ತಲೆಗೆ ಏನು ಹಚ್ಚುತ್ತೀರಿ?" ಬೆಳವಣಿಗೆ ಇರುವುದು ಹಚ್ಚುವ ವಸ್ತುವಿನಲ್ಲಿ ಎಂಬ ನಂಬಿಕೆ ಅಷ್ಟು ಗಟ್ಟಿ. ನನ್ನ ವಾದ ಬೇರೆ. ಕೂದಲು ಬೆಳೆಯುವ ಕೆಲಸ ಚರ್ಮದೊಳಗೆ ತನ್ನ ಪಾಡಿಗೆ ತಾನು ನಡೆದಿರುತ್ತದೆ. ಮೈ ಆರೋಗ್ಯವಾಗಿದ್ದರೆ ಅದಕ್ಕೆ ನಮ್ಮ ನೆರವು ಹೆಚ್ಚೇನೂ ಬೇಡ. ನಮ್ಮ ಕೈಯಲ್ಲಿರುವುದು ಬೆಳೆದದ್ದನ್ನು ಮುರಿಯದೆ ಉಳಿಸಿಕೊಳ್ಳುವುದು. ಅದಕ್ಕೆ ಮೆದುವಾದ ಕೈ ಬೇಕು, ಆ ಕೈಗೆ ಸಾಕಷ್ಟು ಹೊತ್ತು ಬೇಕು.

ನೆತ್ತಿಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತವೆ, ಪ್ರತಿಯೊಂದರ ಬೇರಿಗೂ ಅದರದೇ ಸರದಿ. ಎರಡರಿಂದ ಆರು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಬೆಳೆಯುತ್ತಲೇ ಇರುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ. ಮೂರು ತಿಂಗಳಷ್ಟು ಸುಮ್ಮನಿದ್ದು ಕೂದಲು ಉದುರುತ್ತದೆ, ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಈ ಸರದಿಯದೇ ಭಾಗ; ಬಚ್ಚಲ ಜಾಲರಿಯಲ್ಲಿ ಸಣ್ಣ ಉಂಡೆ ಕಂಡರೆ ಗಾಬರಿಯಾಗಬೇಕಿಲ್ಲ. ಬೆಳೆಯುವ ಹಂತ ಮೂರೇ ವರ್ಷದವರಿಗೆ ಒಂದು ಎಳೆಯೂ ಮುರಿಯದಿದ್ದರೂ ಕೂದಲು 45 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆರು ವರ್ಷದವರಿಗೆ 90ರವರೆಗೂ ಹೋಗಬಹುದು. ಈ ಅವಧಿ ಬಹುಮಟ್ಟಿಗೆ ಹುಟ್ಟಿನಿಂದ ಬಂದ ಬಳುವಳಿ.

ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ ಅವರ ಕೂದಲು 2023ರಲ್ಲಿ ಗಿನ್ನೆಸ್ ದಾಖಲೆ ಸೇರಿತು: 236.22 ಸೆಂಟಿಮೀಟರ್. ಸಾಮಾನ್ಯ ವೇಗದಲ್ಲಿ ಅಷ್ಟು ಉದ್ದ ಬರಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ಕಾಲ ದಣಿಯದೆ ಬೆಳೆಸುವ ಬೇರು ಬಲು ಅಪರೂಪದ ವರ, ಅದನ್ನು ಯಾವ ಅಂಗಡಿಯಿಂದಲೂ ತರಲಾಗದು. ಆದರೆ ಅವರು ತಮ್ಮ ಆರೈಕೆಯ ಬಗ್ಗೆ ಹೇಳಿಕೊಂಡ ಮಾತುಗಳಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಹದಿನಾಲ್ಕನೆಯ ವಯಸ್ಸಿನಿಂದ ಕೂದಲು ಬಿಟ್ಟರು. ವಾರಕ್ಕೆ ಎರಡು ಸಲ ತೊಳೆಯುತ್ತಾರೆ. ತೊಳೆದ ಮೇಲೆ ಬಹಳ ಹೊತ್ತು ಕೈಯಿಂದಲೇ ಸಿಕ್ಕು ಬಿಡಿಸುತ್ತಾರೆ. ವರ ಎಷ್ಟೇ ದೊಡ್ಡದಿರಲಿ, ಅಷ್ಟು ತಾಳ್ಮೆಯ ಕೈ ಕಾಯದಿದ್ದರೆ ಅದು ಬೆನ್ನಿನ ಅರ್ಧಕ್ಕೇ ಮುರಿದು ನಿಲ್ಲುತ್ತಿತ್ತು.

"ನನ್ನ ಕೂದಲು ಭುಜದಿಂದ ಕೆಳಗೆ ಬೆಳೆಯುವುದೇ ಇಲ್ಲ" ಎನ್ನುವವರು ನೂರಾರು ಮಂದಿ. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಬಣ್ಣ ಹಾಕಿಸಿಕೊಂಡ ತಲೆಯಲ್ಲಿ ಮೂರು ವಾರದೊಳಗೆ ಬೈತಲೆಯ ಅಕ್ಕಪಕ್ಕ ಬಿಳಿ ಬುಡ ಇಣುಕುತ್ತದೆ. ಅಂದರೆ ಬೇರು ತನ್ನ ಕೆಲಸ ಮಾಡುತ್ತಲೇ ಇದೆ. ಬುಡದಲ್ಲಿ ಹೊಸದು ಬರುತ್ತಿದ್ದರೂ ಉದ್ದ ಹೆಚ್ಚುತ್ತಿಲ್ಲವೆಂದರೆ, ಬೆಳೆಯುವ ಅವಧಿಯೇ ಚಿಕ್ಕದಿರಬೇಕು, ಇಲ್ಲವೇ ತುದಿಯಲ್ಲಿ ಅಷ್ಟೇ ಮುರಿದು ಹೋಗುತ್ತಿರಬೇಕು. ಉದುರಿದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಒಂದು ತುದಿಯಲ್ಲಿ ಬಿಳಿಯ ಚಿಕ್ಕ ಗುಬುಟಿದ್ದರೆ ಅದು ಬೇರುಸಹಿತ ಉದುರಿದ್ದು, ಸರದಿ ಮುಗಿಸಿ ಹೋದದ್ದು. ಗುಬುಟಿಲ್ಲದ ಮೋಟು ತುಂಡುಗಳೇ ಹೆಚ್ಚು ಸಿಕ್ಕಿದರೆ ಅವು ಮುರಿದವು. ಅವನ್ನು ಮುರಿದದ್ದು ನಮ್ಮ ಕೈ, ನಮ್ಮ ಹಣಿಗೆ, ನಮ್ಮ ಅವಸರ.

ಮುರಿಯುವುದೇಕೆ ಎಂದು ತಿಳಿಯಲು ಎಳೆಯ ರಚನೆ ನೋಡಬೇಕು. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರು. ಅದರ ಹೊರಗೆ, ಮಾಡಿಗೆ ಹೊದಿಸಿದ ಹೆಂಚಿನಂತೆ, ಒಂದರ ಮೇಲೊಂದು ಕೂತ ತೆಳು ಹೊಪ್ಪಳೆಗಳು. ಅವುಗಳ ಅಂಚು ಬುಡದಿಂದ ತುದಿಯ ಕಡೆಗೆ ಮುಖಮಾಡಿರುತ್ತದೆ. ಮೇಲೆ ಹುಟ್ಟಿನಿಂದಲೇ ಬಂದ ಕೊಬ್ಬಿನ ಒಂದು ಪದರ. ಹೊಳಪು, ನುಣುಪು ಎಲ್ಲ ಅದರಿಂದ. ಬ್ಲೀಚು, ಕ್ಷಾರದ ಬಣ್ಣಗಳು ಮೊದಲು ಕಿತ್ತುಹಾಕುವುದು ಈ ಪದರವನ್ನೇ. ಅದು ಹೋದ ಮೇಲೆ ಎಳೆಗೆ ಎಳೆ ತೊಡರುತ್ತದೆ, ಹೊಪ್ಪಳೆಯ ಅಂಚು ಏಳುತ್ತದೆ, ಒಳಗಿನ ನಾರು ಬಯಲಾಗಿ ತುದಿ ಸೀಳುತ್ತದೆ. ಒದ್ದೆಯಾದಾಗ ಕೂದಲು ನೀರು ಹೀರಿ ಉಬ್ಬುತ್ತದೆ, ಹೆಚ್ಚು ಹಿಗ್ಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಬಚ್ಚಲಿನಿಂದ ಬಂದ ತಕ್ಷಣ ಸಣ್ಣ ಹಲ್ಲಿನ ಹಣಿಗೆ ಎಳೆಯುವುದು, ಒರಟು ಟವೆಲಿನಲ್ಲಿ ಗಸಗಸ ತಿಕ್ಕುವುದು ಕೂದಲಿಗೆ ಅತಿ ದುಬಾರಿಯಾಗುವುದು ಇದಕ್ಕೇ.

ಹೊಪ್ಪಳೆಗಳ ದಿಕ್ಕು ಎಷ್ಟು ಮುಖ್ಯವೆಂದು ಕೂದಲಿನ ವ್ಯಾಪಾರದವರಿಗೆ ಚೆನ್ನಾಗಿ ಗೊತ್ತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರ ಈ ವ್ಯಾಪಾರಕ್ಕೆ ಹೆಸರಾದ ಊರು. ಬಾಚುವಾಗ ಉದುರಿದ ಕೂದಲಿನ ಉಂಡೆಗಳನ್ನು ಪಾತ್ರೆ, ಪಿನ್ನುಗಳಿಗೆ ಬದಲಾಗಿ ಊರೂರು ಸುತ್ತಿ ಕೊಂಡು ತಂದವರಿಂದ ಅಲ್ಲಿಗೆ ಸರಕು ಬರುತ್ತದೆ. ಆ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಹೀಗೆ ಕೂಡಿಸಿದ ಕೂದಲಿನಲ್ಲಿ ಬುಡ ತುದಿಗಳು ಅದಲುಬದಲಾಗಿರುತ್ತವೆ. ಹೊಪ್ಪಳೆಗಳು ಎದುರುಬದುರಾಗಿ ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ. ಅದಕ್ಕೇ ಅಂಥ ಕೂದಲಿಗೆ ಬೆಲೆ ಕಡಿಮೆ, ಬುಡ ತುದಿ ಒಂದೇ ದಿಕ್ಕಿಗಿರುವಂತೆ ಒಟ್ಟಿಗೇ ಕತ್ತರಿಸಿದ ಕೂದಲಿಗೆ ಹೆಚ್ಚು. ಯಾರದೋ ತಲೆಯಿಂದ ಉದುರಿದ ಎಳೆಯನ್ನು ಮುರಿಯದಂತೆ ಬಿಡಿಸುವ ಈ ಹೆಣ್ಣುಮಕ್ಕಳ ಬೆರಳಿಗಿರುವ ಎಚ್ಚರ ನಮ್ಮ ತಲೆಯ ಮೇಲಿನ ಜಡೆಗೆ ನಮ್ಮಿಂದ ಸಿಗುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಮೆದುವಾದ ಆರೈಕೆಯಲ್ಲಿ ಗುಟ್ಟೇನೂ ಇಲ್ಲ. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಮೇಲಕ್ಕೆ ಬರಬೇಕು. ನೆತ್ತಿಯಿಂದ ಒಂದೇ ಎಳೆತಕ್ಕೆ ಬಾಚಿದರೆ ದಾರಿಯುದ್ದದ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಒಂದೇ ಗಂಟಾಗಿ ಕೂರುತ್ತವೆ, ಆಮೇಲೆ ಆ ಗಂಟನ್ನು ಕೀಳದೆ ಬೇರೆ ದಾರಿಯಿರುವುದಿಲ್ಲ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಹಣಿಗೆ, ಸಣ್ಣ ಹಲ್ಲಿನದು ಕೊನೆಗೆ. ನೀಳ ಕೂದಲಿನವರು ಮುಕ್ಕಾಲು ಪಾಲು ಒಣಗುವವರೆಗೆ ಕಾಯುವುದು ಲೇಸು. ಗುಂಗುರು ಕೂದಲಿನವರಿಗೆ ಮಾತ್ರ ಇದು ತಿರುವುಮುರುವು, ಅವರು ಕಂಡೀಷನರ್ ಹಚ್ಚಿ ಒದ್ದೆಯಿರುವಾಗಲೇ ಬಿಡಿಸಿಕೊಂಡರೆ ಮುರಿಯುವುದು ಕಡಿಮೆ. ಒರೆಸುವುದಕ್ಕೆ ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯದು ಇನ್ನೊಂದಿಲ್ಲ: ತಿಕ್ಕದೆ, ಒತ್ತಿ ನೀರು ಹೀರಿಸಬೇಕು. ಮಲಗುವಾಗ ಸಡಿಲ ಜಡೆ. ಸ್ಕೂಟರ್ ಹತ್ತುವ ಮುಂಚೆಯೂ ಅದೇ. ಗಾಳಿಗೆ ಬಿಟ್ಟ ಕೂದಲು ಸಿಗ್ನಲಿನಿಂದ ಸಿಗ್ನಲಿಗೆ ಹೋಗುವಷ್ಟರಲ್ಲಿ ಎಷ್ಟು ಸಿಕ್ಕಾಗುತ್ತದೆ ಎಂಬುದನ್ನು ಬೆಂಗಳೂರಿನ ಹುಡುಗಿಯರಿಗೆ ಹೇಳಬೇಕಿಲ್ಲ.

ತೊಳೆಯುವುದರಲ್ಲಿ ಸೀಗೆಕಾಯಿ ಒಳ್ಳೆಯದೋ ಶಾಂಪೂ ಒಳ್ಳೆಯದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಾಪೊನಿನ್ ಇದೆ, ಅದು ಹದವಾಗಿ ಕೊಳೆ ತೆಗೆಯುತ್ತದೆ. ಹಳೆ ಮೈಸೂರಿನ ಚಿಗರೆಪುಡಿ, ಮಲೆನಾಡಿನಲ್ಲಿ ದಾಸವಾಳದ ಎಲೆ ಕಿವುಚಿ ತೆಗೆಯುವ ಲೋಳೆ, ಇವೆಲ್ಲ ಅದೇ ಜಾಣತನದ ಬೇರೆ ಬೇರೆ ರೂಪ. ಆದರೆ ಗಿಡದ್ದೆಂದ ಮಾತ್ರಕ್ಕೆ ಮೆದುವಾಗುವುದಿಲ್ಲ. ಸೋಸದೆ ಕಲಸಿದ ಸೀಗೆಪುಡಿಯ ಚೂರುಗಳು ಕೂದಲಿನ ನಡುವೆ ಕೂತು ಎಳೆಯನ್ನು ತರಚುತ್ತವೆ. ಅದನ್ನು ತೆಗೆಯಲು ತಿಕ್ಕುವುದೇ ಇನ್ನೊಂದು ಪೆಟ್ಟು. ಶಾಂಪೂವನ್ನು ಮಗ್ಗಿನ ನೀರಿನಲ್ಲಿ ಕದಡಿ, ನೆತ್ತಿಗಷ್ಟೇ ಹಾಕಿ, ಇಳಿದು ಬರುವ ನೊರೆಯಿಂದಲೇ ಉದ್ದವನ್ನು ತೊಳೆದುಕೊಂಡರೆ ಅದೂ ಮೆದುವೇ. ನನ್ನ ಆಕ್ಷೇಪವಿರುವುದು ಮೈಸೋಪಿನ ಬಗ್ಗೆ. ಅದು ಕ್ಷಾರ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಿಳಿಯ ಅಂಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಕಂಡೀಷನರನ್ನು ಪರದೇಶದ ಹುಚ್ಚು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಸವೆದ ಜಾಗಕ್ಕೇ ಅಂಟಿಕೊಳ್ಳುವ ಗುಣ ಅದಕ್ಕಿದೆ, ಹಣಿಗೆಯ ಎಳೆತ ಅದರಿಂದ ಖಂಡಿತ ತಗ್ಗುತ್ತದೆ.

ಎಣ್ಣೆಯ ಮಾತು ಬಿಡುವಂತಿಲ್ಲ. ಮಾರಿಕೊ ಕಂಪನಿಯ ವಿಜ್ಞಾನಿಗಳಾದ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ನೋಡಿದಾಗ, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ. ಎಳೆಯ ಒಳಕ್ಕೆ ಇಳಿಯಬಲ್ಲದು. ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ನಡೆಸಿದ ಅಧ್ಯಯನ ಇದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ತೋರಿಸಿರುವುದು ಕೂದಲು ಸವೆಯುವುದು ಕಡಿಮೆಯಾಗುತ್ತದೆ ಎಂದಷ್ಟೇ. ಬೇರಿನಿಂದ ಹೆಚ್ಚು ಬೆಳೆಯುತ್ತದೆ ಎಂದಲ್ಲ. ತಲೆಸ್ನಾನದ ಮುಂಚೆ ಎಣ್ಣೆ ಹಚ್ಚಿ ಒಂದಿಷ್ಟು ಹೊತ್ತು ಬಿಡುವ ನಮ್ಮ ಹಿರಿಯರ ರೂಢಿಗೆ ಈ ಕಾರಣ ಸಾಕು. ಹೆಂಗಸರು ಮಂಗಳವಾರ, ಶುಕ್ರವಾರ ತಲೆಗೆ ನೀರು ಹಾಕಿಕೊಳ್ಳುವ ಪದ್ಧತಿಯೂ, ಅದರ ಹಿಂದಿನ ನಂಬಿಕೆ ಏನೇ ಇರಲಿ, ಉದ್ದ ಕೂದಲಿಗೆ ತಕ್ಕ ಅಂತರವನ್ನೇ ಇಟ್ಟಿತ್ತು.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ "ಆದಿವಾಸಿ ಹೇರ್ ಆಯಿಲ್" ಈಚಿನ ವರ್ಷಗಳಲ್ಲಿ ಮೊಬೈಲ್ ಪರದೆಯ ಮೇಲಿಂದ ದೇಶವಿಡೀ ಹಬ್ಬಿತು. ಮಂಡಿವರೆಗಿನ ಕೂದಲು ಬಿಟ್ಟು ನಿಂತ ಗಂಡಸರು, ಹೆಂಗಸರು, ಪಕ್ಕದಲ್ಲಿ ಕುದಿಯುವ ಬೇರು ಸೊಪ್ಪಿನ ಎಣ್ಣೆ. ಅಲೆದಾಟ, ಅವಮಾನಗಳನ್ನೇ ಉಂಡು ಬಂದ ಸಮುದಾಯ ತನ್ನ ಗಿಡಮೂಲಿಕೆಯ ತಿಳಿವಿನಿಂದ ನಾಲ್ಕು ಕಾಸು ಕಂಡದ್ದು ನನಗೆ ಸಂತೋಷದ ಸಂಗತಿಯೇ. ಆದರೂ ಆ ಚಿತ್ರದಲ್ಲಿ ಎಣ್ಣೆಯ ಜೊತೆಗೆ ಇನ್ನೂ ಏನೇನಿದೆ ಎಂದು ಕೇಳಬೇಕು: ವರ್ಷಗಟ್ಟಲೆ ಕತ್ತರಿ ಕಾಣದ ಕೂದಲು, ಬಳುವಳಿಯಾಗಿ ಬಂದ ಬೇರು, ದಿನವೂ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುವ ಕೈ. ಚೀನಾದ ಗುವಾಂಗ್‌ಶಿ ಸ್ವಾಯತ್ತ ಪ್ರದೇಶದ ಹುವಾಂಗ್‌ಲುವೊ ಹಳ್ಳಿಯ ಯಾವೊ ಹೆಂಗಸರದೂ ಇದೇ ಕಥೆ. ಅವರ ಉದ್ದ ಕೂದಲಿನ ಕೀರ್ತಿಯನ್ನು ಜಗತ್ತು ಹುಳಿ ಬರಿಸಿದ ಅಕ್ಕಿ ತೊಳೆದ ನೀರಿಗೆ ಕೊಟ್ಟಿತು. ಅವರು ಬದುಕಿನಲ್ಲಿ ಒಂದೇ ಸಲ, ಹದಿನೆಂಟರ ಸುಮಾರಿಗೆ, ಕೂದಲು ಕತ್ತರಿಸುತ್ತಾರೆ, ಉಳಿದಂತೆ ಸುತ್ತಿ ಕಟ್ಟಿಕೊಂಡಿರುತ್ತಾರೆ ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಅಕ್ಕಿ ನೀರನ್ನು ಸೀಸೆಗೆ ತುಂಬಿ ಮಾರಬಹುದು. ಕತ್ತರಿಸದೆ, ಬಿಚ್ಚಿ ಹಾರಾಡಿಸದೆ ಕಾಪಾಡಿದ ವರ್ಷಗಳನ್ನು ಮಾರಲು ಬರುವುದಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಬೇರೇ ಸೋತವರಿಗೆ ಮೆದುವಾದ ಕೈ ಏನು ಮಾಡೀತು? ಏನೂ ಮಾಡದು, ಅವರನ್ನು ಹಣಿಗೆ ಎಣ್ಣೆಗಳ ಉಪದೇಶದಲ್ಲಿ ಸಿಕ್ಕಿಸುವುದು ಅನ್ಯಾಯ. ಹೆರಿಗೆ, ಟೈಫಾಯಿಡ್, ಡೆಂಗಿ, ಕೋವಿಡ್, ಊಟ ಬಿಟ್ಟು ತೂಕ ಇಳಿಸುವ ಹಟ, ಇವುಗಳಿಂದ ಮೈ ತತ್ತರಿಸಿದಾಗ ಬಹಳಷ್ಟು ಬೇರುಗಳು ಒಮ್ಮೆಗೇ ವಿಶ್ರಾಂತಿಗೆ ಸರಿಯುತ್ತವೆ. ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುವುದರಿಂದ ಶಾಂಪೂ ಮೇಲೋ ನೀರಿನ ಮೇಲೋ ತಪ್ಪು ಹೊರಿಸುತ್ತೇವೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲೇ ಇದನ್ನು ವಿವರಿಸಿದ್ದರು; ಕಾರಣ ಕಳೆದರೆ ಹೆಚ್ಚಿನವರಲ್ಲಿ ಕೂದಲು ಮತ್ತೆ ಬರುತ್ತದೆ. ರಕ್ತಹೀನತೆ, ಥೈರಾಯಿಡ್ ತೊಂದರೆಗಳು ತಾವಾಗಿ ಹೋಗುವಂಥವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಇಂಥ ದೇಶದಲ್ಲಿ ಕೂದಲು ಉದುರುತ್ತಿದೆ ಎಂದ ಹುಡುಗಿಗೆ ಎಣ್ಣೆಯ ಹೆಸರು ಹೇಳುವ ಮೊದಲು ಊಟದ ತಟ್ಟೆಯಲ್ಲಿ ಏನಿದೆ ಎಂದು ಕೇಳಿ, ರಕ್ತ ಪರೀಕ್ಷೆ ಮಾಡಿಸಬೇಕು. ಬೈತಲೆ ಅಗಲವಾಗುತ್ತ ಹೋಗುವ ವಂಶಪಾರಂಪರ್ಯದ ತೊಂದರೆಗೆ ಮಿನಾಕ್ಸಿಡಿಲ್‌ನಂಥ ಔಷಧ ಇದೆ, ಅನೇಕರಲ್ಲಿ ಗುಣ ಕೊಡುತ್ತದೆ. ಅದಕ್ಕೆ ಬೇಕಾದವರು ವೈದ್ಯರು.

ಕೂದಲು ನೇರ ಮಾಡಿಸುವ ರಾಸಾಯನಿಕಗಳ ಬಗ್ಗೆ ಮಾತ್ರ ನನ್ನ ಮಾತು ಖಡಾಖಂಡಿತ: ಬೇಡ. ಅಮೆರಿಕದಲ್ಲಿ 33,947 ಹೆಂಗಸರನ್ನು ಹಲವು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಇವನ್ನು ಬಳಸಿದವರಿಗೆ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಸಂಭವ ಶೇ. 4.05, ಬಳಸದವರಲ್ಲಿ ಶೇ. 1.64. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಗುಂಗುರಾಗಿ ಹುಟ್ಟಿದ್ದೇ ತಪ್ಪೆಂಬಂತೆ ಅದನ್ನು ಕಾಯಿಸಿ, ಕರಗಿಸಿ, ಎಳೆದು ನೇರ ಮಾಡುವುದಕ್ಕೆ ಇಷ್ಟು ಅಪಾಯದ ಸುಳಿವೂ ಹೆಚ್ಚೇ.

ಇಷ್ಟು ಹೇಳಿದ ಮೇಲೆ ಹೊತ್ತಿನ ಮಾತಿಗೆ ಬರಲೇಬೇಕು. ತುದಿಯಿಂದ ಸಿಕ್ಕು ಬಿಡಿಸಿ, ತಾನಾಗಿ ಒಣಗಲು ಬಿಟ್ಟು, ಸಡಿಲವಾಗಿ ಹೆಣೆಯುವುದು ಬೆಳಗಿನ ಏಳು ಗಂಟೆಗೆ ಡಬ್ಬಿ ಕಟ್ಟಿ ಬಸ್ಸು ಹಿಡಿಯುವವಳಿಗೆ ಆಗದ ಮಾತು. ಹಿಂದಿನ ಉದ್ದ ಜಡೆಗಳನ್ನು ನೆನೆಯುವವರು ಆ ಜಡೆಗಳ ಹಿಂದೆ ಕೂತಿದ್ದ ಇನ್ನೊಬ್ಬಳನ್ನು ಮರೆಯುತ್ತಾರೆ. ಜಗಲಿಯ ಮೇಲೆ ಅಜ್ಜಿಯೋ ಅತ್ತಿಗೆಯೋ ಹಿಂದೆ ಕೂತು, ಸಾಂಬ್ರಾಣಿ ಹೊಗೆಗೆ ಕೂದಲು ಹರಡಿ, ಒಂದು ತಾಸು ಕೊಡುತ್ತಿದ್ದಳು. ಆ ತಾಸಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಇಂದು ಮನೆಯ ಯಾವ ಕೆಲಸವನ್ನೂ ಹಂಚಿಕೊಳ್ಳದೆ "ನಿಮ್ಮಮ್ಮನ ಕೂದಲು ಎಷ್ಟು ಚೆನ್ನಾಗಿತ್ತು, ನಿನ್ನದೇಕೆ ಹೀಗೆ?" ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಹೊತ್ತಿಲ್ಲದವಳು ಭುಜದವರೆಗೆ ಕತ್ತರಿಸಿಕೊಂಡರೆ ಅದೂ ಕೂದಲಿಗೆ ತೋರುವ ಮಮತೆಯೇ. ಹೆಣ್ಣಿನ ತಲೆಯ ಬಗ್ಗೆ ತೀರ್ಪು ಕೊಡುವ ಚಟ ನಮ್ಮ ಸಮಾಜಕ್ಕೆ ಹಳೆಯದು. ಜಡೆಯನ್ನು ಹೂವಿನಿಂದ ಸಿಂಗರಿಸಿದ ಮನೆಗಳೇ ಗಂಡ ಸತ್ತ ಬಾಲೆಯ ತಲೆ ಬೋಳಿಸಿದವು, ಎಂ. ಕೆ. ಇಂದಿರಾ ಅವರ "ಫಣಿಯಮ್ಮ" ಓದಿದವರಿಗೆ ಅದು ಗೊತ್ತು. ಉದ್ದ ಎಷ್ಟಿರಬೇಕು ಎಂಬುದು ಆ ತಲೆಯ ಒಡತಿಗೇ ಬಿಟ್ಟದ್ದು.

ಇದೇ ಕಾರಣಕ್ಕೆ ಶಾಲೆಗಳಿಗೆ ಒಂದು ಮಾತು ಹೇಳಲೇಬೇಕೆನಿಸುತ್ತದೆ. ಅನೇಕ ಕಡೆ ಹೆಣ್ಣುಮಕ್ಕಳು ಎರಡು ಜಡೆ ಹೆಣೆದು, ಮಡಚಿ, ಟೇಪು ಬಿಗಿದು ಬರಬೇಕೆಂಬ ನಿಯಮವಿದೆ. ಬೆಳಿಗ್ಗೆ ತಲೆ ಒಣಗುವ ಮುಂಚೆಯೇ ಅಮ್ಮ ಬಿಗಿಯಾಗಿ ಎಳೆದು ಹೆಣೆಯುತ್ತಾಳೆ, ಮಗುವಿನ ಹುಬ್ಬು ಮೇಲೇರುತ್ತದೆ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಎಳೆತ ಬಿದ್ದರೆ ಹಣೆಯಂಚಿನ, ಕಣತಲೆಯ ಮೇಲಿನ ಕೂದಲು ತೆಳ್ಳಗಾಗುತ್ತ ಹೋಗುತ್ತದೆ. ಗ್ರೀನ್‌ಲ್ಯಾಂಡಿನ ಹೆಂಗಸರು ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟಿ ಹೀಗಾದದ್ದನ್ನು ವೈದ್ಯಲೋಕ 1907ರಲ್ಲೇ ದಾಖಲಿಸಿತ್ತು. ಬೇಗ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ತಡವಾದರೆ ಬೇರಿನ ಜಾಗದಲ್ಲಿ ಕಲೆಗಟ್ಟಿ, ಮತ್ತೆ ಅಲ್ಲಿ ಏನೂ ಹುಟ್ಟುವುದಿಲ್ಲ. ಸಡಿಲವಾದ ಒಂದು ಜಡೆಗೂ, ಕತ್ತರಿಸಿದ ಕೂದಲಿಗೂ ಅವಕಾಶ ಕೊಟ್ಟರೆ ಶಿಸ್ತಿಗೆ ಯಾವ ಕುಂದೂ ಬರುವುದಿಲ್ಲ. ಬರುವ ಜೂನ್ ತಿಂಗಳಿನಿಂದಲೇ ಮುಖ್ಯೋಪಾಧ್ಯಾಯರು ಈ ನಿಯಮವನ್ನು ಬದಲಿಸಬಹುದು, ಅದಕ್ಕೆ ಇಲಾಖೆಯ ಹಣವೂ ಬೇಕಿಲ್ಲ.